ಕುಪವಾಡದ ಷೆಡ್ಡಿನಾಗ ಅಣುಭಟ್ಟಿಯ ಬಣ್ಣ

ಬ್ಯಾರೆ ಮಂದಿ ಕೆಲಸಕ್ಕೆ ಹೋಗ್ತಾರ, ಸಂಜಿಕೆ ಸುಮ್ಮನ ಮನೀಗೆ ಬರ್ತಾರ. ನಾನು ಹೋದಲ್ಲಿ ಏನರೆ ಒಂದು ಆಗದ ಹೊತ್ತು ಮುಳುಗೂದಿಲ್ಲ. ಅದರಾಗ ಅರ್ಧ ನಾ ಮಾಡಿದ್ದು, ಇನ್ನರ್ಧ ನನ್ನ ಹೆಸರಿಗೆ ಬಂದದ್ದು. ಹತ್ತನೇ ಇಯತ್ತೆಯ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದ ಮೇಲೆ, ಮನೆಯವರು ನನ್ನನ್ನ ಸಾಂಗಲಿ ಹತ್ತಿರದ ಕುಪವಾಡ ಎಂಐಡಿಸಿ ಕಾರಖಾನೆ ಪ್ರದೇಶದಾಗ ಬಣ್ಣ ತಯಾರಿಸುವ ಒಂದು ಷೆಡ್ಡಿಗೆ ಹಾಕಿದರು. ಅಲ್ಲಿ ನಾವು ಮೂರೇ ಮಂದಿ: ಮಾಲಕ ಕಾಕಾ, ಮೂವತ್ತು ವರ್ಷದಿಂದ ಬ್ರಷ್ ಹಿಡಿದ ಪೇಂಟರ್ ಮಾಮಾ, ಮತ್ತೆ ನಾನು.

೧. ಮಾವಶಿಯ ಸಂಶಯ

ಸಾದಾ ಬಣ್ಣದ ಜೋಡಿ ಕಾಕಾ ಒಂದು ಹೊಸ ಬಣ್ಣ ಮಾಡಿದ್ದರು, ಮನೆಗೆ ಬಳಿಯುವಂಥದ್ದಲ್ಲ. ಅಣುವಿದ್ಯುತ್ತಿನ ಭಟ್ಟಿಯ ಸುತ್ತ ದಪ್ಪ ಕಾಂಕ್ರೀಟಿನ ಒಂದು ಗುಮ್ಮಟ ಇರ್ತದಂತೆ, ಅದರ ಒಳಗೋಡೆಗೆ. ಮೊದಲ ದಿನವೇ ಕಾಕಾ ಕೂಡ್ರಿಸಿಕೊಂಡು ತಿಳಿಸಿ ಹೇಳಿದರು:

"ಒಳಗ ಏನರೆ ಅಪಘಾತ ಆತಂದ್ರ ಬಿಸಿ ಉಗಿ ತುಂಬತೈತಿ. ಆವಾಗ ಬಣ್ಣ ಎದ್ದು ಉದುರಬಾರದು. ಉದುರಿತಂದ್ರ ತಳದಾಗಿನ ಜಾಳಗಿಗೆ ಹೋಗಿ ಕೂಡತೈತಿ, ಭಟ್ಟಿ ತಣ್ಣಗ ಮಾಡೂ ನೀರು ನಿಂತ ಹೋಗತೈತಿ. ಬಚ್ಚಲ ಜಾಳಗಿಗೆ ಅನ್ನ ಸಿಕ್ಕಂಗ. ಅದಕ್ಕ ಮುಂಬೈಯಿಂದ ತಪಾಸಣಿ ಸಾಹೇಬರು ಬಂದು ನೋಡಿ ಸಹಿ ಮಾಡೂತನಕ ಒಂದ ಡಬ್ಬಿನೂ ಮಾರೂಹಂಗಿಲ್ಲ."

ಇದನ್ನ ಮನೆಗೆ ಹೋಗಿ ಅವ್ವನ ತಂಗಿ ಮಾವಶಿಗೆ ಹೇಳಿದೆ. ಆಕೆ ಮೆಂತೆಸೊಪ್ಪು ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಅಲ್ಲೋ, ಅಂಥಾ ಭಟ್ಟಿ ಕೆಟ್ಟು ಎಲ್ಲಾರೂ ಓಡಿಹ್ವಾದ ಮ್ಯಾಲ, ಗ್ವಾಡಿ ಬಣ್ಣ ಚಲೋ ಉಳದೈತಿ ಅಂತ ಯಾರ ಒಳಗ ಹೋಗಿ ನೋಡ್ತಾರ?"

ಮರುದಿನ ಕಾಕಾಗೆ ಹೇಳಿದೆ. ಅವರು ಅಂದರು, "ನಿಮ್ಮ ಮಾವಶಿ ಸಾಹೇಬರ ಆಫೀಸಿನಾಗ ಇಲ್ಲ, ನಮ್ಮ ಪುಣ್ಯಾ."

೨. ಗೆಣಸು

ಬಣ್ಣ ಬಳಿದ ಕಬ್ಬಿಣದ ಫಲಕಗಳನ್ನು ದೊಡ್ಡ ಕುಕ್ಕರಿನಂಥ ಟಾಕಿಯಲ್ಲಿಟ್ಟು ತಾಸುಗಟ್ಟಲೆ ಉಗಿ ಕೊಡೋದು, ಬಣ್ಣ ಏಳ್ತದೋ ಇಲ್ಲೋ ನೋಡೋದು. ಇದೇ ಪರೀಕ್ಷೆ. ಸಾಹೇಬರು ಬರುವ ಮೊದಲು ನಾವೇ ಎಷ್ಟೋ ಸಲ ಮಾಡಿ ನೋಡುತ್ತಿದ್ದೆವು.

ಒಂದಿನ ಮ್ಹೈಸಾಳದ ಗೆಳೆಯನೊಬ್ಬ ಹೊಲದ ಗೆಣಸು ತಂದುಕೊಟ್ಟ. ಅಷ್ಟು ಉಗಿ ಸುಮ್ಮನೆ ಯಾಕ ಹಾಳಾಗಬೇಕು ಅಂತ ಫಲಕಗಳ ಸಂದಿಯಲ್ಲಿ ನಾಲ್ಕು ಗೆಣಸು ಇಟ್ಟೆ. ಸಂಜಿಕೆ ಕಾಕಾ ಮುಚ್ಚಳ ತೆಗೆದರು. ಷೆಡ್ಡಿನ ತುಂಬ ಘಮಘಮ.

"ಏನೋ ಇದು?"

"ಗೆಣಸ್ರಿ ಕಾಕಾ."

ಕಾಕಾ ಜೈನರು. ಮಣ್ಣೊಳಗೆ ಬೆಳೆದ ಗಡ್ಡೆ ಅವರ ಮನೆಯ ಹೊಸ್ತಿಲು ದಾಟಂಗಿಲ್ಲ. ಮೂರು ಸಲ ಟಾಕಿ ತೊಳೆಸಿದರು, ಎದುರಿಗೆ ನಿಂತು. ತಿಕ್ಕುತ್ತ ತಿಕ್ಕುತ್ತ ಕೇಳಿದೆ, "ಪರೀಕ್ಷಾ ಕೆಟ್ಟಿತು ಅಂತ ಸಿಟ್ಟೇನ್ರಿ?"

"ಪರೀಕ್ಷಾ ನಾಳೆ ಮತ್ತ ಮಾಡಬಹುದೋ ಭಾಡ್ಯಾ! ಮೆಕ್ಕಿತೆನಿ ಇಟ್ಟಿದ್ದಿ ಅಂದ್ರ ಇಬ್ಬರೂ ಕೂಡಿ ತಿನ್ನತಿದ್ವಿ!"

೩. ಅಳತೆ

ಆ ವರ್ಷಗಳಲ್ಲಿ ಹೊರದೇಶದ ಬಣ್ಣ ಸಾಂಗಲಿ ಪೇಟೆಗೂ ಬಂತು. ಹೊಳೆಯುವ ಡಬ್ಬಿ, ಅದರ ಮೇಲೆ ನಗುವ ಹುಡುಗಿಯ ಚಿತ್ರ. ನಮ್ಮ ಸಾದಾ ಬಣ್ಣ ಕೇಳುವವರಿಲ್ಲ. ಊರು ಬೆಳೆದು ನಮ್ಮ ರಸ್ತೆಗೇ ಬಂದಿತ್ತು. ಎಡಕ್ಕಿನ ಷೆಡ್ಡು ಮೋಟರ್ ಸೈಕಲ್ಲಿನ ಅಂಗಡಿಯಾಯಿತು. ಬಲಕ್ಕಿನದಕ್ಕೆ ಬೀಗ ಬಿತ್ತು, ಅಲ್ಲಿಯ ಮಂದಿ ಎಲ್ಲಿ ಹೋದರೋ ಗೊತ್ತಾಗಲಿಲ್ಲ. ಕಾಕಾಗೆ ಉಳಿದದ್ದು ಈ ಭಟ್ಟಿಯ ಬಣ್ಣ ಒಂದೇ. ದೀಪಾವಳಿಯೊಳಗೆ ಸಾಹೇಬರ ಸಹಿ ಬಿದ್ದರೆ ಷೆಡ್ಡು ಉಳಿಯಿತು. ಇಲ್ಲಂದ್ರ ಮದುವೆ ನಡೆಸುವ ಮಂಗಲ ಕಾರ್ಯಾಲಯ ಮಾಡುವವನೊಬ್ಬನಿಗೆ ಬಿಟ್ಟುಕೊಡೋದು ಅಂತ ಮಾತಾಗಿತ್ತು.

ಸಾಹೇಬರ ಆಫೀಸಿನಿಂದ ಪ್ರಶ್ನೆಗಳ ಪತ್ರಗಳು ಬರುತ್ತಿದ್ದವು. ಒಂದರಲ್ಲಿ, ಈ ಬಣ್ಣ ನಲವತ್ತು ವರ್ಷ ಬಾಳುತ್ತದೆ ಅನ್ನೋದಕ್ಕೆ ಆಧಾರ ಏನು ಅಂತ ಕೇಳಿದ್ದರು. ಕಾಕಾ ಅದಕ್ಕೆ ಉತ್ತರ ಬರೆಯಲು ಕೂತಾಗಲೇ ಆ ಮಂಗಲ ಕಾರ್ಯಾಲಯದವ ಅಳತೆ ಟೇಪು ಹಿಡಿದು ಬಂದ. ಬಣ್ಣ ಕಲಸುವ ಮಷೀನಿನ ಮುಂದೆ ನಿಂತು, "ನವರಾ-ನವರಿ ಇಥೇ ಬಸತೀಲ" ಅಂದ. ಮದುಮಕ್ಕಳು ಇಲ್ಲಿ ಕೂಡ್ತಾರಂತ.

"ಮತ್ತ ನಾವೆಲ್ಲಿ ಕೂಡೂದ್ರಿ?" ಅಂತ ಮರಾಠಿಯಲ್ಲೇ ಕೇಳಿದೆ.

ಅವ ನನ್ನನ್ನೂ ಮಾಮಾನನ್ನೂ ಮೇಲಿಂದ ಕೆಳತನಕ ನೋಡಿದ. "ನೀವ್ಯಾಕ ಕೂಡ್ತೀರಿ? ಊಟ ಬಡಸಾಕ ಮಂದಿ ಬೇಕಲ್ಲ."

೪. ಗೆರೆ

ಕಡೆಗೊಮ್ಮೆ ಸಾಹೇಬರು ಬಂದರು. ತಮ್ಮೆದುರೇ ಮೂರು ಫಲಕಗಳಿಗೆ ಉಗಿ ಕೊಡಿಸಿದರು, ಒಣಗಿಸಿದರು. ಬಣ್ಣ ಎಲ್ಲೂ ಎದ್ದಿರಲಿಲ್ಲ. ಸಂಜಿಕೆ ಒಂದು ಚಾಕು ತೆಗೆದು ಪ್ರತಿ ಫಲಕದ ಮೇಲೂ ಅಡ್ಡ-ಉದ್ದ ಗೆರೆ ಕೊಯ್ದರು, ಚೌಕಾಬಾರದ ಮನೆ ಹಾಕಿದಂಗ. "ನಾಳೆ ಮುಂಜಾನೆ ಈ ಗೆರೆಗಳ ಮೇಲೆ ಅಂಟಿನ ಟೇಪು ಹಚ್ಚಿ ಕೀಳ್ತೇನೆ. ಬಣ್ಣ ಕಿತ್ತು ಬರಲಿಲ್ಲ ಅಂದರೆ ಸಹಿ. ಅಲ್ಲೀತನಕ ಯಾರೂ ಮುಟ್ಟಬಾರದು" ಅಂತ ಹಿಂದಿಯಲ್ಲಿ ಹೇಳಿ ಮಿರಜದ ಲಾಡ್ಜಿಗೆ ಹೋದರು. ಕಾಕಾ ಅವತ್ತು ಎರಡು ಕಪ್ ಚಹಾ ಕುಡಿದರು. ನನಗೂ ಒಂದು ಕೊಡಿಸಿದರು.

ಇದೆಲ್ಲ ಆದಾಗ ಪೇಂಟರ್ ಮಾಮಾ ಇರಲಿಲ್ಲ. ಹೆಂಡತಿಯನ್ನು ಮಿರಜದ ದವಾಖಾನೆಗೆ ತೋರಿಸಲು ಹೋಗಿದ್ದರು. ಮರುದಿನ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಅವರೇ ಷೆಡ್ಡು ತೆಗೆದರು.

ನಾನು ಹೋಗೋ ಹೊತ್ತಿಗೆ ಮಾಮಾ ಹಾಡು ಗುನುಗುತ್ತ ಬ್ರಷ್ ತೊಳೆಯುತ್ತಿದ್ದರು. ಹಿಂದೆಯೇ ಕಾಕಾ, ಸಾಹೇಬರು ಇಬ್ಬರೂ ಬಂದರು. ಸಾಹೇಬರು ಒಂದು ಫಲಕ ಎತ್ತಿ ನೋಡಿದರು. ತಿರುಗಿಸಿ ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಎತ್ತಿದರು.

"ನನ್ನ ಗೆರೆ ಎಲ್ಲಿ?"

ಕಾಕಾ ಸೀದಾ ನನ್ನ ಮುಖ ನೋಡಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಮಾಮಾನೇ ಮುಂದೆ ಬಂದರು.

"ಇವನ ನೋಡ್ರಿ ಮಾಲಕರ, ಈ ಉಡಾಳ! ಸಾಹೇಬರು ಬರೂ ಹೊತ್ತಿನಾಗ ಮೂರೂ ಫಲಕ ಗೀರಿ ಇಟ್ಟಿದ್ದ. ಗೀರಿದ ಬಣ್ಣ ಕಂಡ್ರ ನನಗ ಸುಮ್ಮನ ಕೂಡೂದ ಆಗೂದಿಲ್ಲ. ನಸಕಿನ್ಯಾಗ ಬಂದು ಪುಟ್ಟಿ ತುಂಬಿ ಎರಡ ಕೈ ಬಣ್ಣ ಹೊಡದೇನಿ. ಈಗ ಒಂದ ಗೆರಿ ಹುಡಕ್ರಿ ನೋಡೂಣು!"

"ಗೀರಿದ್ದು ನಾನಲ್ರಿ ಮಾಮಾ, ಸಾಹೇಬರು" ಅಂದೆ. ನಾನು ಅಪರೂಪಕ್ಕೆ ಖರೇ ಹೇಳಿದ್ದು ಅವತ್ತೇ. ಮಾಮಾ ನಂಬಲಿಲ್ಲ. ಕಾಕಾ "ಹೌದು ಮಾಮಾ" ಅಂದ ಮೇಲೆ ಅವರ ಕೈಯಾಗಿನ ಬ್ರಷ್ ಕೆಳಗೆ ಬಿತ್ತು.

ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಬ್ರಷ್ ಕಂಡಿತ್ತು. ಗೆರೆ ಇದ್ದ ಜಾಗದಲ್ಲಿ ಹೆಬ್ಬೆರಳು ಊರಿ ಒತ್ತಿದರು. ಈ ಬಣ್ಣ ಒಣಗಲು ಪೂರಾ ಒಂದು ದಿನ ಬೇಕು. ಬೆರಳು ತೆಗೆದಾಗ ಅದಕ್ಕೆ ಹಸಿ ಬೂದಿಬಣ್ಣ ಮೆತ್ತಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಥಿನ್ನರಿನಲ್ಲಿ ಬೆರಳು ಒರೆಸಿಕೊಂಡು, "ಮುಟ್ಟಿದ ಫಲಕದ ಬಗ್ಗೆ ನನಗೇನೂ ಬರೆದುಕೊಡಲು ಬರೋದಿಲ್ಲ. ಮತ್ತೆ ಅರ್ಜಿ ಹಾಕಿ. ಮುಂದಿನ ಪಾಳಿ ಬರೋ ವರ್ಷ" ಅಂದು ರಿಕ್ಷಾ ಹತ್ತಿದರು. ದೀಪಾವಳಿಗೆ ಹದಿನೈದು ದಿನ ಉಳಿದಿತ್ತು.

ಮಾಮಾ ಡಬ್ಬಿಗಳ ಹಿಂದೆ ಹೋಗಿ ಕೂತುಬಿಟ್ಟಿದ್ದರು. ರಿಕ್ಷಾದ ಸಪ್ಪಳ ದೂರ ಹೋದ ಮೇಲೆ ಅಲ್ಲಿಂದಲೇ ಸಣ್ಣ ದನಿಯಲ್ಲಿ ಕೇಳಿದರು, "ಮಾಲಕರ... ಸಹಿ ಮಾಡಲಿಲ್ಲೇನ್ರಿ?"

ಕಾಕಾ ಆ ಫಲಕ ತಗೊಂಡು ಬಾಗಿಲ ಬೆಳಕಿಗೆ ಹಿಡಿದರು. ಹಸಿ ಬಣ್ಣದಾಗ ಬೆರಳಿನ ಸುರುಳಿ ಸುರುಳಿ ಗುರುತು ಒಂದೂ ಬಿಡದೆ ಮೂಡಿತ್ತು.

"ಎಲ್ಲೀ ಸಹಿ, ಮಾಮಾ" ಅಂದರು. "ಅಷ್ಟು ಕಲತ ಮನಶ್ಯಾ, ಹೆಬ್ಬಟ್ಟ ಒತ್ತಿ ಹ್ವಾದ."