ಕೇಳಿಸಿಕೊಳ್ಳುವುದಕ್ಕೊಂದು ಡಿಗ್ರಿ

ನಗಬೇಕಾದ ಸಂಗತಿಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಬರುವ ಹೊತ್ತಿಗೆ ನಾನು ಮಾತ್ರ ನಗುವ ಸ್ಥಿತಿಯಲ್ಲಿರುವುದಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ ಮಾಸ್ಟರ್ಸ್‌ಗೆ ಸೇರಿದೆ. ಕಾಲೇಜು ಮಕ್ಕಳ ಕಷ್ಟ ಕೇಳುವುದು, ಹಾಸ್ಟೆಲ್ಲು, ಒಂಟಿತನ, ತಪ್ಪಿ ಆರಿಸಿಕೊಂಡ ಕೋರ್ಸು, ಇವುಗಳಲ್ಲಿ ಅವರ ಜೊತೆಗಿರುವುದು, ಇದೇ ನಮ್ಮ ಓದು. ಮೊದಲ ವರ್ಷದ ಕೌನ್ಸೆಲಿಂಗ್ ಕ್ಲಾಸಿನಲ್ಲಿ ‘ಬಿ’ಗಿಂತ ಕಡಿಮೆ ಬಂದರೆ ಸೀದಾ ಮನೆಗೆ. ಮನೆಯವರೆಲ್ಲ ಆ ದಿನಕ್ಕೇ ಕಾಯುತ್ತಿದ್ದಾರೆಂದು ನನಗೆ ಗುಮಾನಿಯಿತ್ತು.

೧. ಎರಡೇಟಿನ ಚಿಕಿತ್ಸೆ

ಈ ಪರದೇಶದಲ್ಲಿ ನಾವಿರುವ ಕೆಂಡಲ್ ಪಾರ್ಕ್‌ನಲ್ಲಿ ಕನ್ನಡದವರದೊಂದು ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಕೂಟ. ಧಾರವಾಡದ ಕಡೆಯ ಅಂಕಲ್ ಒಬ್ಬರು ಏನು ಓದುತ್ತಿದ್ದೀ ಎಂದು ಕೇಳಿದರು. ಹೇಳಿದೆ. ತಟ್ಟೆ ಹಿಡಿದುಕೊಂಡೇ ನಕ್ಕರು.

“ಇದಕ್ಕೂ ಮಾಸ್ಟರ್ಸ್ ಬೇಕೇನವಾ? ನಮ್ಮವ್ವ ಎರಡ ಏಟಿನ್ಯಾಗ ಮುಗಸ್ತಿದ್ಲು.”

ಸುತ್ತ ಇದ್ದವರೂ ನಕ್ಕರು. ನಾನೂ ಹಲ್ಲು ಕಿರಿದೆ. ಊಟದ ನಡುವೆ ಅದೇ ಅಂಕಲ್, ಚಪ್ಪಲಿ ಬಿಟ್ಟ ಮೂಲೆಗೆ ನನ್ನನ್ನು ಕರೆದು, ಅತ್ತಿತ್ತ ನೋಡಿ ಪಿಸುಗುಟ್ಟಿದರು. “ಕಾಲೇಜಿನ್ಯಾಗಿರೋ ಮಗಾ ಮೂರು ವಾರಾತು, ಫೋನ್ ಎತ್ತವಲ್ಲ. ಏನ್ ಮಾಡ್ಬೇಕವಾ?”

‘ನಿಮ್ಮವ್ವನ್ನ ಕೇಳಿ’ ಎನ್ನುವ ಮಾತು ತುದಿ ನಾಲಗೆಯವರೆಗೆ ಬಂದಿತ್ತು. ಬಾಯಲ್ಲಿ ಪುಳಿಯೋಗರೆ ಇದ್ದದ್ದರಿಂದ ಅಂಕಲ್ ಬಚಾವಾದರು.

೨. ನಾನೇ ನನ್ನ ಮಗ

ವಾರಕ್ಕೆರಡು ದಿನ ಕಾಲೇಜಿನ ಡೀನ್ ಆಫೀಸಿನಲ್ಲಿ ನನಗೆ ತರಬೇತಿ. ಅಲ್ಲೊಂದು ಕಟ್ಟುನಿಟ್ಟಿನ ನಿಯಮ: ವಿದ್ಯಾರ್ಥಿ ಬರೆದು ಒಪ್ಪಿಗೆ ಕೊಡದ ಹೊರತು ಅವನ ಮಾರ್ಕ್ಸನ್ನು ಹೆತ್ತವರಿಗೂ ಹೇಳುವಂತಿಲ್ಲ. ಒಂದು ದಿನ ಫೋನ್ ಬಂತು. ಐವತ್ತು ದಾಟಿದ ದನಿಯೊಂದು ಇಂಗ್ಲಿಷಿನಲ್ಲಿ, ತಾನು ಸೆಕೆಂಡ್ ಇಯರ್ ವಿದ್ಯಾರ್ಥಿ, ತನ್ನ ಮಾರ್ಕ್ಸ್ ತನಗೆ ಮರೆತುಹೋಗಿದೆ ಎಂದಿತು. ಹಿಂದೆ ಕುಕ್ಕರ್ ಕೂಗಿತು. “ಅಟೆಂಡೆನ್ಸೂ ಕೇಳ್ರೀ” ಎಂದು ಹೆಂಗಸೊಬ್ಬರು ಸೂಚನೆ ಕೊಟ್ಟರು.

ಹುಟ್ಟಿದ ತಾರೀಖು ಕೇಳಿದೆ. ವಿದ್ಯಾರ್ಥಿ ಫೋನನ್ನು ಅರ್ಧ ಮುಚ್ಚಿಕೊಂಡು, “ಲೇ, ಇವನ ಬರ್ತ್‌ಡೇ ಯಾವತ್ತೇ?” ಎಂದ.

ತಡೆಯಲಾರದೆ ಕನ್ನಡದಲ್ಲೇ ಹೇಳಿದೆ: “ಸರ್, ಮಗನನ್ನೇ ಕೇಳಿ.”

“ಅಯ್ಯೋ, ನಮ್ಮೋರೇನಾ ನೀವು! ಮೊದ್ಲೇ ಹೇಳ್ಬಾರ್ದಾ? ಹಾಗಿದ್ರೆ ಹೇಳ್ಬಿಡಿ!”

ಹೇಳಲಿಲ್ಲ. ಕನ್ನಡದವಳಾಗಿ ಹೀಗೆ ಮಾಡಬಹುದೇ ಎಂದು ಅವರು ಬೈದು ಫೋನಿಟ್ಟರು. ಆಫೀಸಿನಲ್ಲಿ ಪರಭಾಷೆಯಲ್ಲಿ ಮಾತಾಡಿದ್ದೇಕೆ ಎಂದು ನನ್ನ ಸೂಪರ್‌ವೈಸರ್ ಬರೆದು ಕೇಳಿದರು. ಒಂದೇ ಫೋನಿನಲ್ಲಿ ಎರಡೂ ಕಡೆಗೆ ಹೊರಗಿನವಳಾದೆ.

೩. ಹೋಮ್‌ವರ್ಕು

ಎದುರಿನವರು ಹೇಳಿದ್ದನ್ನೇ ತಿರುಗಿ ಹೇಳಬೇಕು, ಆಗ ಅವರ ಮನಸ್ಸು ಬಿಚ್ಚುತ್ತದೆ ಎಂದು ಪಾಠವಾಗಿತ್ತು. ಹದಿನಾರರ ಮಗನ ಮೇಲೆ ಪ್ರಯೋಗಿಸಿದೆ.

“ಸ್ಕೂಲು ಹೇಗಿತ್ತೋ?”

“ಫೈನ್.”

“ಅಂದ್ರೆ, ಫೈನ್ ಅಂತ ನಿಂಗನ್ನಿಸ್ತು.”

“ಮಾಮ್, ಆ್ಯಮ್ ಐ ಯುವರ್ ಹೋಮ್‌ವರ್ಕ್?”

ಸುಳ್ಳೇಕೆಂದು ಹೌದೆಂದೆ. “ಜಸ್ಟ್ ರೈಟ್ ದಟ್ ಐ ಕ್ರೈಡ್” ಎಂದು ಹೇಳಿ ಹೆಡ್‌ಫೋನ್ ಏರಿಸಿಕೊಂಡ.

೪. ಕ್ಲೈಂಟು

ವರ್ಷದ ಕೊನೆಯ ಪರೀಕ್ಷೆಯೆಂದರೆ ಅರ್ಧ ಗಂಟೆಯ ಕೌನ್ಸೆಲಿಂಗನ್ನು ರೆಕಾರ್ಡ್ ಮಾಡಿ ಒಪ್ಪಿಸುವುದು. ಪಾಸೋ ಮನೆಯೋ, ಎಲ್ಲ ಅದರ ಮೇಲೆ. ವಿದ್ಯಾರ್ಥಿಯ ಪಾತ್ರ ಮಾಡಬೇಕಿದ್ದ ಸಹಪಾಠಿಗೆ ಹಿಂದಿನ ದಿನ ಜ್ವರ ಬಂತು. ಕಲ್ಪಿಸಿದ ಸಮಸ್ಯೆಯಾದ್ದರಿಂದ ಮನೆಯವರು ಯಾರಾದರೂ ಆದೀತು ಎಂದರು ಪ್ರೊಫೆಸರ್. ಗಂಡನನ್ನು ಕೂರಿಸಿ, ಕೆಮಿಸ್ಟ್ರಿಯಲ್ಲಿ ಫೇಲಾದ ಹುಡುಗನ ಕಥೆಯೊಂದನ್ನು ಬರೆದುಕೊಟ್ಟೆ. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ಸಂಕಟ ಕನ್ನಡದ್ದಾದ್ದರಿಂದ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ರೆಕಾರ್ಡಿಂಗ್ ಶುರುವಾದದ್ದೇ ತಡ, ಅವರು ನನ್ನ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

“ನನ್ನ ಸಮಸ್ಯೆ ನಮ್ಮ ತಾಯಿ. ಈ ವಯಸ್ಸಲ್ಲಿ ಕಾಲೇಜಿಗೆ ಸೇರಿದ್ದಾರೆ. ಮನೇಲಿ ಮೂರು ದಿನ ಒಂದೇ ಹುಳಿ. ಪಾಪ, ನಮ್ಮ ತಂದೆ ಕಾಫೀನೂ ತಾವೇ ಮಾಡ್ಕೋಬೇಕು.”

ವಾದ ಮಾಡುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಿಯಮ.

“ಅಂದರೆ, ನಿಮ್ಮ ತಂದೆಗೆ ಬೇಜಾರಾಗಿದೆ.”

“ತುಂಬಾ. ಆದ್ರೆ ಅವ್ರು ಬಾಯಿಬಿಟ್ಟು ಹೇಳೋರಲ್ಲ.”

“ನಿಮ್ಮ ತಾಯಿಗೆ ಏನನ್ನಿಸ್ತಿರಬಹುದು?”

“ಅದು ನಂಗ್ಯಾಕೆ? ಇಲ್ಲಿ ಕ್ಲೈಂಟು ನಾನು.”

ಇಪ್ಪತ್ತು ವರ್ಷದ ಉತ್ತರಗಳೆಲ್ಲ ಗಂಟಲಿಗೆ ಬಂದು ನಿಂತವು. ಒಂದು ಆಚೆ ಬಂದರೂ ನನ್ನ ಓದು ಮುಗಿದಂತೆ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಪೂರ್ತಿ ಒಂದು ನಿಮಿಷ ನನ್ನಿಂದ ಮಾತೇ ಹೊರಡಲಿಲ್ಲ. ಉಳಿದ ಹೊತ್ತೆಲ್ಲ ಅವರು ಹೇಳುತ್ತಾ ಹೋದರು, ನಾನು ತಲೆಯಾಡಿಸುತ್ತಾ ಹೋದೆ.

ಎರಡು ವಾರದ ಮೇಲೆ ಫಲಿತಾಂಶ ಬಂತು: ‘ಎ’. ಕೆಳಗೆ ಪ್ರೊಫೆಸರರ ಟಿಪ್ಪಣಿ: ‘ಮೌನವನ್ನು ಇಷ್ಟು ಕರುಣೆಯಿಂದ ಬಳಸಿದವರನ್ನು ನಾನು ಕಂಡಿಲ್ಲ.’ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅದನ್ನು ಮೂರು ಸಲ ಓದಿ ಅತ್ತೆ. ಮನೆಗೆ ಬಂದು ಗಂಡನಿಗೆ ತೋರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ತೃಪ್ತಿಯಿಂದ ಕಾಗದ ವಾಪಸು ಕೊಟ್ಟರು.

“ನೋಡಿದ್ಯಾ? ಇಪ್ಪತ್ತು ವರ್ಷದಿಂದ ಬಡ್ಕೋತಿದೀನಿ, ಬಾಯ್ಮುಚ್ಕೊಂಡಿದ್ರೆ ಉದ್ಧಾರ ಆಗ್ತೀಯ ಅಂತ.”