ಸಾದಾ ಹುಲಿ, ಪಟ್ಟೆ ಹುಲಿ

ಚಿಟ್ಟೆ ಹಿಂದೆ ಬಿದ್ದ ಮೇಷ್ಟ್ರಿಗೆ ಪೇಚಿನ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಶ್ರೀರಂಗಪಟ್ಟಣದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸಾದಾ ಹುಲಿ, ಪಟ್ಟೆ ಹುಲಿ ಅಂತ ಎರಡು ಚಿಟ್ಟೆಗಳಿವೆ. ಎರಡೂ ಕಿತ್ತಳೆ ಬಣ್ಣ. ಪಟ್ಟೆ ಹುಲಿಯ ರೆಕ್ಕೆ ತುಂಬ ಕಪ್ಪು ಗೆರೆ, ಸಾದಾ ಹುಲಿಗೆ ಅಂಚಷ್ಟೇ ಕಪ್ಪು. ಜೀವಂತ ತಂದು ಪಕ್ಕಪಕ್ಕ ತೋರಿಸ್ತೀನಿ ಎಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದೆ. ಪಟ್ಟೆ ಹುಲಿ ಶಾಲೆಯ ತೋಟದಲ್ಲೇ ಸಿಗುತ್ತಿತ್ತು. ಸಾದಾ ಹುಲಿಯದೇ ಪೇಚಾಟ.

ಹೇಮಗಿರಿಯ ಎಳನೀರು

ಸಾದಾ ಹುಲಿ ಮೊಟ್ಟೆ ಇಡುವುದು ಎಕ್ಕದ ಗಿಡದಲ್ಲಿ. ಕೆ.ಆರ್. ಪೇಟೆ ಕಡೆ ಹೇಮಗಿರಿ ಹೊಳೆದಂಡೆಯಲ್ಲಿ ಗಿಡಗಿಡಕ್ಕೂ ಬಗ್ಗಿ ಫೋಟೊ ತೆಗೆಯುತ್ತಿದ್ದೆ. ಪಕ್ಕದ ತೋಟದ ಯಜಮಾನರು ಬಂದು ಎಳನೀರು ಕೊಚ್ಚಿಕೊಟ್ಟರು. ಕುಡಿದು ಮುಗಿಸಿದ ಮೇಲೆ, "ರಸ್ತೆ ನಮ್ ತೋಟದ ಮೇಲೆ ಬರಂಗಿದ್ರೆ ಒಸಿ ಆ ಕಡೀಕೆ ತಳ್ಳಿ ಸಾ" ಎಂದರು.

ಸರ್ವೆಯವನಲ್ಲ, ಚಿಟ್ಟೆ ಹುಡುಕುವ ಮೇಷ್ಟ್ರು ಎಂದೆ. ಅವರು ಖಾಲಿ ಬುರುಡೆ ನೋಡಿದರು, ನನ್ನನ್ನು ನೋಡಿದರು.

"ಓಗ್ಲಿ ಬುಡಿ. ಇನ್ನೊಂದು ಕೊಚ್ತೀನಿ, ರಸ್ತೆ ಬರಾಕಿಲ್ಲ ಅನ್ನೋ ಖುಸಿಗೆ."

ನಾಗಮಂಗಲದ ಸೇರು

ನಾಗಮಂಗಲದ ಗೆಳೆಯ ಫೋನ್ ಮಾಡಿದ: "ನಿನ್ ಚಿಟ್ಟೆ ಸಿಕ್ತು ಕಣ್ಲಾ. ಅಕ್ಕಿ ಅಳೆಯೋ ಸೇರು ಕವುಚಿ ಮಡಗಿವ್ನಿ, ಬಾ."

"ರೆಕ್ಕೆ ಮೇಲೆ ಗೆರೆ ಅವಾ?"

"ಸೇರು ಎತ್ತುದ್ರೆ ಆರೋಯ್ತದೆ, ಎಂಗ್ಲಾ ನೋಡ್ಲಿ?"

ಬೈಕಿನಲ್ಲಿ ಓಡಿದೆ. ಅಷ್ಟರಲ್ಲಿ ಅವನ ಹೆಂಡತಿ ಅನ್ನಕ್ಕೆ ಅಕ್ಕಿ ಅಳೆಯಲು ಸೇರು ಎತ್ತಿಯಾಗಿತ್ತು. ಗೆರೆ ಇತ್ತೇನಮ್ಮ ಎಂದು ಆಕೆಯನ್ನು ಕೇಳಿದೆ.

"ಅದೆಲ್ಲ ಕಾಣ್ನಿಲ್ಲ ಅಣ್ಣ. ಅಕ್ಕಿ ನಿಮಗೂ ಸೇರ್ಸಿ ಅಳ್ದಿವ್ನಿ, ಉಂಡ್ಕಂಡೇ ಓಗಿ."

ರಥಸಪ್ತಮಿ ಎಲೆ

ಕೊನೆಗೆ ನಾನಿರುವ ಪಾಲಹಳ್ಳಿಯಲ್ಲಿ, ನಮ್ಮ ಪಕ್ಕದ ಮನೆ ದೊಡ್ಡಮ್ಮನ ಹಿತ್ತಿಲಲ್ಲೇ, ಎಕ್ಕದೆಲೆಯ ಅಡಿ ಸಾದಾ ಹುಲಿಯ ಗೂಡು ನೇತಾಡುತ್ತಿತ್ತು. ಇನ್ನೇನು ಚಿಟ್ಟೆ ಈಚೆ ಬರಬೇಕು, ರಥಸಪ್ತಮಿ ಬಂತು. ಆವತ್ತು ತಲೆ, ಭುಜ, ಮಂಡಿ, ಪಾದದ ಮೇಲೆ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡುವುದು ಪದ್ಧತಿ. ಬೀದಿಗೆಲ್ಲ ಅದೊಂದೇ ಗಿಡ. ನೆನಪಾಗಿ ಓಡಿದರೆ ಗಿಡ ಬೋಳು.

ಒಂದೇ ಎಲೆ ಉಳಿದಿತ್ತು, ಗೂಡಿದ್ದ ಎಲೆ. ದೊಡ್ಡಮ್ಮ ಒದ್ದೆ ತಲೆಯಲ್ಲೇ ಪಕ್ಕದಲ್ಲಿ ಕಾವಲು ಕೂತಿದ್ದರು. "ಎಲ್ಲಾರೂ ಕೇಳುದ್ರು, ಕೊಡ್ನಿಲ್ಲ ಕಣಪ್ಪ. ನಂಗೇ ಎಡಗಾಲ ಮಂಡಿಗೆ ಎಲೆ ಸಾಲ್ದೇ ಓಯ್ತು."

ಕಾಲು ಮುಟ್ಟಿ ನಮಸ್ಕರಿಸಿದೆ.

ಚಿಟ್ಟೆ ಈಚೆ ಬಂದ ದಿನ ಎರಡನ್ನೂ ಬಲೆಯ ಪಂಜರದಲ್ಲಿ ತರಗತಿಗೆ ಒಯ್ದು, ದೊಡ್ಡಮ್ಮನನ್ನೇ ಮುಖ್ಯ ಅತಿಥಿಯಾಗಿ ಕೂರಿಸಿದೆ. ಇದಕ್ಕೆ ಗೆರೆ ಇದೆ, ಇದಕ್ಕಿಲ್ಲ ಎಂದು ಮಕ್ಕಳು ಒಕ್ಕೊರಲಿನಿಂದ ವಿವರಿಸಿದರು. ದೊಡ್ಡಮ್ಮ ಪಂಜರಕ್ಕೆ ಮೂಗು ತಾಗಿಸಿ ತುಂಬಾ ಹೊತ್ತು ನೋಡಿದರು.

"ಗೆರೆ ಕಟ್ಕಂಡು ನಂಗೇನಾಗ್ಬೇಕು? ನನ್ ಮಂಡಿ ಎಲೆ ಕಸ್ಕಂಡೋಳು ಇದ್ರಲ್ಲಿ ಯಾವಳು, ಅದ್ನ ಏಳ್ರಪ್ಪ."