ಕಣ್ಣಿನ ಹನಿಗೂ ಒಪ್ಪೊತ್ತು

“ಈ ಚಾತುರ್ಮಾಸ್ಯದಲ್ಲಿ ನನ್ನದು ಅಖಂಡ ಒಪ್ಪೊತ್ತು! ಮಧ್ಯಾಹ್ನದ ಊಟವಾದ ಮೇಲೆ ಈ ಗಂಟಲಿನಿಂದ ಕೆಳಗೆ ನೀರಲ್ಲದೆ ಮತ್ತೇನೂ ಇಳಿಯದು!”

ವಿಜಯನಗರದ ಭಜನಾಮಂದಿರದಲ್ಲಿ ವಾರದ ಪ್ರವಚನ ಮುಗಿಸಿದ ಚಕ್ರಪಾಣಿಗಳು ಮೈಕಿನಲ್ಲೇ ಸಾರಿಬಿಟ್ಟರು. ಭಕ್ತವೃಂದ ಪುಳಕಗೊಂಡಿತು. ಪತ್ನಿ ಕೋಕಿಲಾ ಮಾತ್ರ ಹಣೆ ಚಚ್ಚಿಕೊಂಡರು.

ಅಂದು ಸಂಜೆಯೇ ಧರ್ಮಸಂಕಟ ಎದುರಾಯಿತು. ಚಕ್ರಪಾಣಿಗಳಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋಗದಂತೆ ಬೆಳಿಗ್ಗೆ, ಸಂಜೆ ಹನಿ ಬಿಡಬೇಕು. ಆ ಹನಿಯೋ, ತುಸು ಹೊತ್ತಿಗೆಲ್ಲ ಗಂಟಲಿನಲ್ಲಿ ಕಹಿಯಾಗಿ ಪ್ರತ್ಯಕ್ಷವಾಗುತ್ತಿತ್ತು!

“ಗಂಟಲಿಗೆ ರುಚಿ ಹತ್ತಿತು ಅಂದ್ರೆ ಅದು ಸೇವನೆಯೇ ಕಣೇ! ವ್ರತಭಂಗ!”

“ಕಣ್ಣಲ್ಲಿ ಉಂಡೋರನ್ನ ನಾನೆಲ್ಲೂ ಕಂಡಿಲ್ಲ! ಹೋದ ವರ್ಷ ಭಜನೆಗೆ ಬರೋ ಇಂದ್ರಮ್ಮನೋರಿಗೆ, ‘ಸಕ್ಕರೆ ಕಾಯಿಲೆ ಮಾತ್ರೆ ನುಂಗಿ, ಔಷಧದಿಂದ ವ್ರತ ಕೆಡಲ್ಲ’ ಅಂದೋರು ಯಾರ್ರೀ?”

“ಅದು ಸಂಸಾರಸ್ಥರಿಗೆ ಹೇಳಿದ್ದು. ಪ್ರವಚನ ಹೇಳೋನು ನಾನು!”

“ಹಾಗಾದ್ರೆ ನಾನ್ಯಾರ ಸಂಸಾರ?”

ಚಕ್ರಪಾಣಿಗಳು, ಇನ್ನು ಮೇಲೆ ಹನಿಯನ್ನು ತಾವೇ ಹಾಕಿಕೊಳ್ಳುವುದಾಗಿ ಹೇಳಿ, ಸೀಸೆ ಹಿಡಿದು ದೇವರಮನೆಯ ಕದ ಮುಂದೆ ಮಾಡಿಕೊಂಡರು. ಸಂಜೆಯ ಹನಿಗಳು ನಿರ್ಮಾಲ್ಯದ ಬುಟ್ಟಿಯ ಪಾಲಾದವು. ಬರಬರುತ್ತಾ, ಊಟಕ್ಕೆ ಮುಂಚಿನ ಕಹಿಯೂ ಎಂಜಲೆನಿಸಿ, ಬೆಳಗಿನ ಹನಿಯೂ ಅಲ್ಲಿಗೇ ಸೇರಿತು. ಕಣ್ಣು ನೋಯಲಿಲ್ಲ, ಕೆಂಪಾಗಲಿಲ್ಲ. ಎಲ್ಲವೂ ವ್ರತದ ಮಹಿಮೆ! ಗ್ಲಾಕೋಮಾ ಸದ್ದಿಲ್ಲದೆ ಕದಿಯುತ್ತದೆಂಬುದನ್ನು ಆ ಪುಣ್ಯಾತ್ಮರು ಮರೆತೇಬಿಟ್ಟಿದ್ದರು.

ಕಾರ್ತಿಕದ ಒಂದು ಶನಿವಾರ, “ಅಹಂಕಾರ ಬಿಟ್ಟವನಿಗೆ ದಾರಿ ತಾನಾಗಿಯೇ ಕಾಣುತ್ತದೆ!” ಎಂದು ಗದ್ಗದಿತರಾಗಿ ಚಕ್ರಪಾಣಿಗಳು ಎಡಕ್ಕೊಂದು ಹೆಜ್ಜೆ ಇಟ್ಟರು. ಎಡಕ್ಕೆ ವೇದಿಕೆ ಮುಗಿದಿತ್ತು. ಮರುಕ್ಷಣವೇ ಪ್ರಸಾದದ ಕೋಸಂಬರಿ ಪಾತ್ರೆಯಲ್ಲಿ ವಿರಾಜಮಾನರಾದರು!

“ಆಹಾ, ಭಾವಾವೇಶ! ಮೈಮೇಲೆ ಎಚ್ಚರಾನೇ ಇಲ್ಲ ನೋಡಿ!” ಎಂದು ಮುಂದಿನ ಸಾಲಿನ ಗುರುಬಸಪ್ಪನವರು ಕೈಮುಗಿದರು. ಇಂದ್ರಮ್ಮನವರಂತೂ ಅದೇ ಕೋಸಂಬರಿಯನ್ನು ಕಣ್ಣಿಗೊತ್ತಿಕೊಂಡು ತಿಂದರು. ಅಂಚು ಕಾಣಿಸಲಿಲ್ಲವೆಂದು ಹೇಳಲು ಬಾಯಿ ತೆರೆದ ಚಕ್ರಪಾಣಿಗಳು, ಮುಗಿದ ಅಷ್ಟೊಂದು ಕೈಗಳನ್ನು ಕಂಡು ಬಾಯಿ ಮುಚ್ಚಿಕೊಂಡರು.

ಕೋಕಿಲಾ ಒಬ್ಬರೇ ಕೈ ಮುಗಿಯಲಿಲ್ಲ. “ಏಳಿ. ಕಣ್ಣಾಸ್ಪತ್ರೆಗೆ ನಡೀರಿ.”

ಆಸ್ಪತ್ರೆಯಲ್ಲಿ ಡಾಕ್ಟರ್ ಗಗನಾ ಚಕ್ರಪಾಣಿಗಳನ್ನು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಲು ಹೇಳಿದರು.

“ಸಾರ್, ಎಡಗಡೆ ಲೈಟ್ ಬಂದಾಗ ಯಾಕೆ ಸುಮ್ನೆ ಕೂತಿದ್ರಿ?”

“ಬರಲೇ ಇಲ್ವಲ್ಲಮ್ಮಾ.”

“ಬಂತು ಸಾರ್.”

ಚಕ್ರಪಾಣಿಗಳ ಕೈಯಿಂದ ಬಟನ್ ಜಾರಿತು. ಕಹಿಯ ಕಥೆಯನ್ನೆಲ್ಲ ಒಪ್ಪಿಸಿದರು.

“ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೇನ ಸ್ವಲ್ಪ ಹೊತ್ತು ಒತ್ತಿ ಹಿಡ್ಕೊಂಡಿದ್ರೆ, ಗಂಟಲಿಗೆ ಅಷ್ಟಾಗಿ ಇಳೀತಾನೇ ಇರ್ಲಿಲ್ಲ ಸಾರ್.”

“ಇಷ್ಟೇನಾ! ಇವತ್ತಿಂದಲೇ ಹಾಗೆ ಮಾಡ್ತೀನಿ ತಾಯಿ. ಹೋದ ದೃಷ್ಟಿ ಯಾವಾಗ ಬರುತ್ತೆ?”

“ಹೋದದ್ದು ಬರಲ್ಲ ಸಾರ್. ಹನಿ ಇರೋದು ಉಳಿದಿದ್ದನ್ನ ಉಳಿಸ್ಕೊಳ್ಳೋಕೆ.”

ಹೊರಗೆ ರಸ್ತೆಯಲ್ಲಿ ಬಸ್ಸುಗಳು ಅಬ್ಬರಿಸುತ್ತಿದ್ದವು. ಸಾವಿರ ಜನರಿಗೆ ಮುಕ್ತಿಯ ದಾರಿ ತೋರಿಸಿದ ಮಹಾನುಭಾವರು ರಸ್ತೆ ದಾಟಲಾರದೆ ನಿಂತರು.

“ಕೋಕಿಲಾ, ನನ್ನ ಬಿಟ್ಟು ಎಲ್ಲಿಗೆ ಹೋದ್ಯೇ?”

“ಆಗ್ಲಿಂದ ನಿಮ್ಮ ಎಡಗಡೇನೇ ನಿಂತಿದೀನಿ ರೀ.”